ರತ್ನಕ್ಕ ಹೊಲಿದ ಸೋಫಾ ಕವರುಗಳು

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ಹೊಳೆನರಸೀಪುರದಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಎಲ್ಲರ ಮನೆಯಲ್ಲೂ ಅದೇ. ಸಂಜೆ ಶಾಲೆ ಬಿಟ್ಟು ನಮ್ಮ ಬೀದಿಗೆ ಕಾಲಿಟ್ಟರೆ ಸೊಗಡಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹೆಂಗಸರು ಜಗಲಿಯ ಮೇಲೆ ಕಾಯಿ ಸುಲಿಯುತ್ತ ಕೂತರೆ, ಸಿಪ್ಪೆಗಾಗಿ ಹಸುಗಳು ಬೀದಿಯಲ್ಲಿ ಕಾಯುತ್ತ ನಿಂತಿರುತ್ತಿದ್ದವು. ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿದುಕುವಾಗ ಬೇಳೆ ಚಿಮ್ಮಿ ಎದುರಿಗೆ ಕೂತವರ ಹಣೆಗೆ ಬಡಿದದ್ದು ನಿಮಗೂ ನೆನಪಿದ್ದರೆ, ನಾನು ಯಾವ ಕಾಲದ ಮಾತಾಡುತ್ತಿದ್ದೇನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಮಾತ್ರ ಆ ಸೊಗಡಿನ ಜೊತೆಗೆ ಸೋಪಿನ ಪುಡಿಯ ವಾಸನೆಯೂ ಬರುತ್ತದೆ. ಬಂದ ಕೂಡಲೇ ಬಾಯಲ್ಲಿ ಊರಿದ ನೀರು ಆರಿಹೋಗುತ್ತದೆ.

ನಮ್ಮ ಬೀದಿಗೆ ಮೊದಲು ಸೋಫಾ ಬಂದದ್ದು ನಮ್ಮ ಮನೆಗೆ. ಅಪ್ಪ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಮಲ್ಲಿಪಟ್ಟಣದ ಕಡೆಯ ಬಡಗಿಯೊಬ್ಬರಿಂದ ಹಲಸಿನ ಮರದಲ್ಲಿ ಮಾಡಿಸಿ, ಸ್ಪಂಜಿನ ಮೆತ್ತೆಗಳಿಗೆ ಕಂದು ರೆಕ್ಸಿನ್ ಹಾಕಿಸಿ ತಂದಿದ್ದರು. ಬೇಸಿಗೆಯಲ್ಲಿ ಅದರ ಮೇಲೆ ಕೂತು ಎದ್ದರೆ ತೊಡೆಯ ಚರ್ಮ ಅಲ್ಲೇ ಉಳಿಯಿತೇನೋ ಅನ್ನಿಸುತ್ತಿತ್ತು. ಅಪ್ಪನ ವ್ಯಾಪಾರದ ಸ್ನೇಹಿತರು ಬಂದು ತಲೆ ಆನಿಸಿದ ಕಡೆಯೆಲ್ಲ ಎಣ್ಣೆಯ ದುಂಡನೆಯ ಕಲೆ. ಆದರೂ ನಾವು ಮಕ್ಕಳು ಅದನ್ನು ಹತ್ತಿ ಇಳಿದು, ಕುಣಿದು, ಒಂದೆರಡು ವರ್ಷದಲ್ಲೇ ರೆಕ್ಸಿನ್ ಹರಿದು ಒಳಗಿನ ಹಳದಿ ಸ್ಪಂಜು ಹಲ್ಲು ಕಿರಿಯುವ ಹಾಗೆ ಮಾಡಿದೆವು. ಅಜ್ಜಿ ಮಾತ್ರ ಒಂದು ದಿನವೂ ಅದರ ಮೇಲೆ ಕೂರಲಿಲ್ಲ. "ಅದ್ರಲ್ ಕೂತ್ರೆ ಬಾವಿಗೆ ಬಿದ್ದಂಗೆ ಆಯ್ತದೆ ಕಣವ್ವ, ಎದ್ದೇಳಕ್ಕೆ ಇನ್ನೊಬ್ರು ಬೇಕು" ಎಂದು ನಡುಮನೆಯ ಬಾಗಿಲ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಅಲ್ಲಿಂದ ಬೀದಿಯ ಗೇಟೂ ಕಾಣುತ್ತಿತ್ತು, ಅಡುಗೆಮನೆಯೂ ಕಾಣುತ್ತಿತ್ತು. ಮನೆಯ ಯಜಮಾನಿಕೆ ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಅಮ್ಮ ಚನ್ನರಾಯಪಟ್ಟಣದಿಂದ ಮದುವೆಯಾಗಿ ಬಂದವಳು. ಹೊಳೆನರಸೀಪುರದಲ್ಲಿ ಅವಳಿಗೆ ತನ್ನವರು ಅಂತ ಇದ್ದದ್ದು ಒಬ್ಬರೇ, ರತ್ನಕ್ಕ. ನನ್ನ ಕ್ಲಾಸಿನ ಗೌತಮಿಯ ಅಮ್ಮ. ಹಿಂದಿನ ಬೀದಿಯಲ್ಲಿ ಮನೆ, ಯಜಮಾನರಿಗೆ ಸರ್ಕಾರಿ ಕೆಲಸ. ರತ್ನಕ್ಕ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ನನ್ನ ಯೂನಿಫಾರಂ ಹೊಲಿಸಲು ಹೋದ ಅಮ್ಮ ಅಲ್ಲೇ ಒಂದು ಗಳಿಗೆ ಕೂತಳು, ಆಮೇಲೆ ಕೂರುವುದು ಅಭ್ಯಾಸವಾಯಿತು. ಅವರ ಹಾಲಿನ ಗೋಡೆಯಲ್ಲಿ ಬುದ್ಧನ ಪಟ ಇತ್ತು, ಅದರ ಕೆಳಗೆ ಮಿಷನ್. ಅದರ ಪಕ್ಕದ ಸ್ಟೂಲಿನಲ್ಲಿ ಕೂತು ಅಮ್ಮ ನಮ್ಮ ಮನೆಯಲ್ಲಿ ಎಂದೂ ನಗದಷ್ಟು ನಗುತ್ತಿದ್ದಳು. ಬರುವಾಗ ದಾರಿಯಲ್ಲಿ ನನಗೆ ಹೇಳುತ್ತಿದ್ದಳು, "ಅಲ್ಲಿ ಕಾಫಿ ಕುಡಿದದ್ದು ಅಜ್ಜಿಗೆ ಹೇಳ್ಬೇಡ, ಆಯ್ತಾ?" ನಾವು ಲಿಂಗಾಯತರು, ರತ್ನಕ್ಕನವರು ದಲಿತರು ಅನ್ನುವುದು ನನಗೆ ತಿಳಿದದ್ದು ಹೀಗೆ, ಕಾಫಿಯ ಮೂಲಕ. ರತ್ನಕ್ಕನೂ ನಮ್ಮ ಮನೆಗೆ ಬರುತ್ತಿದ್ದರು. ಬರುವುದು ಪಕ್ಕದ ಓಣಿಯಿಂದ, ಕೂರುವುದು ಹಿತ್ತಲ ಮೆಟ್ಟಿಲ ಮೇಲೆ. ಇಬ್ಬರೂ ಅಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದರು. ಯಾರೂ ಅವರಿಗೆ ಅಲ್ಲಿ ಕೂರಿ ಅಂದಿರಲಿಲ್ಲ, ಒಳಗೆ ಬನ್ನಿ ಅಂತಲೂ ಅಂದಿರಲಿಲ್ಲ.

ರೆಕ್ಸಿನ್ ಹರಿದ ಮೆತ್ತೆಗಳಿಗೆ ಬಟ್ಟೆಯ ಕವರು ಹೊಲಿಯುತ್ತೇನೆ ಅಂದದ್ದು ರತ್ನಕ್ಕನೇ. ಜಿಪ್ಪು ಇಟ್ಟರೆ ಬೇಕಾದಾಗ ತೆಗೆದು ಒಗೆದುಕೊಳ್ಳಬಹುದು ಅಂದರು. ಅಮ್ಮ ಕೆನೆ ಬಣ್ಣದ ಮೇಲೆ ನೀಲಿ ಹೂವಿದ್ದ ದಪ್ಪ ಬಟ್ಟೆ ತಂದುಕೊಟ್ಟಳು. ಹೊಲಿದದ್ದನ್ನು ಶನಿವಾರ ಮಧ್ಯಾಹ್ನ ಗೌತಮಿಯ ಕೈಗೊಂದು ಗಂಟು ಕೊಟ್ಟು, ತಾವೊಂದು ಗಂಟು ಹಿಡಿದು ರತ್ನಕ್ಕ ತಂದರು. ಹಿತ್ತಲಿಂದ ಕೊಟ್ಟು ಹೋಗುವ ಕೆಲಸವಲ್ಲ ಇದು. ಅಳತೆ ಸರಿಯಿದೆಯೋ ಇಲ್ಲವೋ ತೊಡಿಸಿ ನೋಡಬೇಕು. ಹಾಗಾಗಿ ಅವತ್ತು ಅವರು ಮೊದಲ ಸಲ ನಮ್ಮ ಹಾಲಿಗೆ ಬಂದರು.

ಸ್ಪಂಜಿನ ಮೆತ್ತೆಗೆ ಕವರು ತೊಡಿಸುವುದನ್ನು ನೀವು ಮಾಡಿದ್ದರೆ ಗೊತ್ತಿರುತ್ತದೆ. ಮೆತ್ತೆಯನ್ನು ಮಡಚಿ ಒಳಗೆ ತುರುಕಿದರೆ ಒಂದು ಮೂಲೆ ಸರಿಹೋಗುತ್ತದೆ, ಇನ್ನೊಂದು ಮೂಲೆ ಎದ್ದು ನಿಲ್ಲುತ್ತದೆ. ಅಮ್ಮ ಈ ಕಡೆ ಎಳೆಯುವುದು, ರತ್ನಕ್ಕ ಆ ಕಡೆ ಗುದ್ದುವುದು, ನಾನೂ ಗೌತಮಿಯೂ ಮೆತ್ತೆಯ ಮೇಲೆ ಕೂತು ಒತ್ತುವುದು. ಜಿಪ್ಪು ಎಳೆಯುತ್ತ ರತ್ನಕ್ಕ, "ದಪ್ಪಗಿರೋಳ್ಗೆ ಮದ್ವೆ ರವಿಕೆ ತೊಡಿಸ್ದಂಗಾಯ್ತು ನೋಡು ಗಿರಿಜಾ" ಅಂದದ್ದಕ್ಕೆ ಅಮ್ಮ ನಕ್ಕು ನಕ್ಕು ನೆಲಕ್ಕೇ ಕೂತುಬಿಟ್ಟಳು. ಎಲ್ಲ ಮುಗಿದು ಸೋಫಾ ಮದುವೆಮನೆಯ ಹಾಗೆ ಕಂಡಾಗ ರತ್ನಕ್ಕ ಎಚ್ಚರಿಕೆ ಹೇಳಿದರು.

"ಹೊಸ ಬಟ್ಟೆ ಕಣೆ, ಬಣ್ಣ ಬಿಟ್ಟಾತು. ಯುಗಾದಿ ಗಂಟ ನೀರಿಗೆ ಹಾಕ್ಬ್ಯಾಡ. ಮೊದ್ಲನೇ ಸಲ ಉಪ್ಪು ನೀರಲ್ಲಿ ನೆನೆಸು. ಜಿಪ್ಪು ಹಾಕಿ, ಒಳಮೈ ಹೊರಕ್ಕೆ ಮಾಡಿ ಒಗಿ."

"ಅದೆಲ್ಲ ಆಮೇಲೆ. ಹೊಲಿದೋರು ನೀವು, ಮೊದ್ಲು ನೀವೇ ಕೂತ್ಕೋಬೇಕು" ಅಂದಳು ಅಮ್ಮ.

ರತ್ನಕ್ಕ ಬಾಗಿಲ ಪಕ್ಕದ ಚಾಪೆಯ ಕಡೆ ನೋಡಿದರು. ಅಜ್ಜಿ ಅಲ್ಲೇ ಇದ್ದಳು.

"ಬ್ಯಾಡ ಬುಡು ಗಿರಿಜಾ. ನಂಗೆ ಮೆಟ್ಲೇ ಸರಿ."

ಅಮ್ಮ ಅವರ ಕೈ ಹಿಡಿದು ಎಳೆದು ಕೂರಿಸಿದಳು. ಆ ಕ್ಷಣದಲ್ಲಿ ಅಮ್ಮನಿಗಿದ್ದ ಧೈರ್ಯ ನೆನೆದರೆ ಈಗಲೂ ನನಗೆ ಹೆಮ್ಮೆಯಾಗುತ್ತದೆ. ಅದು ಒಂದೇ ದಿನಕ್ಕೆ ಮುಗಿದುಹೋಯಿತಲ್ಲ ಅನ್ನುವುದು ಬೇರೆ ಮಾತು. ರತ್ನಕ್ಕ ಮೊದಲು ತುದಿಯಲ್ಲಿ ಕೂತರು, ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿ, ತಾವೇ ಹೊಲಿದ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಅಜ್ಜಿ ಚಾಪೆ ಸುತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಹೊಟ್ಟೆ ಸರಿಯಿಲ್ಲವೆಂದು ಊಟ ಮಾಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾಲ್ಕು ದಿನದ ಮುನಿಸು, ಅಷ್ಟೇ. ಆದರೆ ಅದಕ್ಕೂ ಮುಂಚೆ, ಅವತ್ತೇ ಸಂಜೆ, ಅಮ್ಮ ನನಗೂ ಗೌತಮಿಗೂ ಅಕ್ಕಿ ರೊಟ್ಟಿ, ಹಿದಕಿದ ಬೇಳೆ ಸಾರು ಕೊಟ್ಟಳು. ಹೊಸ ಸೋಫಾ ಮೇಲೆ ಕೂತೇ ತಿನ್ನಬೇಕೆಂದು ನಮ್ಮಿಬ್ಬರಿಗೂ ಹಟ. ರತ್ನಕ್ಕ ಹಿತ್ತಲಲ್ಲಿ ಕಾಳಿನ ಬುಟ್ಟಿ ಎತ್ತಿಡುತ್ತಿದ್ದರು. ಗೌತಮಿ ಏನೋ ಹೇಳಿ ನಗುತ್ತಿದ್ದಾಗ ಅವಳ ಬಟ್ಟಲು ಕೈಜಾರಿ, ಸಾರೆಲ್ಲ ಮೆತ್ತೆಯ ಮೇಲೆ ಹರಿಯಿತು. ನೀಲಿ ಹೂವಿನ ನಡುವೆ ಅಂಗೈಯಗಲದ ಹಳದಿ.

"ಅಮ್ಮ ನನ್ನ ಸಾಯಿಸ್ಬುಡ್ತಾರೆ ಕಣೇ ಪಾರು" ಎಂದು ಗೌತಮಿ ಬಿಕ್ಕಲು ಶುರುಮಾಡಿದಳು.

ಅಡುಗೆಮನೆಯಿಂದ ಬಂದ ಅಮ್ಮ ಕಲೆ ನೋಡಿದಳು, ಅವಳ ಮುಖ ನೋಡಿದಳು, ಮೆತ್ತೆಯನ್ನು ಬೋರಲು ಮಗುಚಿ ಹಾಕಿದಳು. "ಏನೂ ಆಗಿಲ್ಲ, ಕಣ್ಣೊರೆಸ್ಕೋ. ನಿಮ್ಮಮ್ಮ ಕಣ್ಣು ಕಿತ್ತೋಗೋಂಗೆ ಕೂತು ಹೊಲಿದವ್ರೆ, ಈಗ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ. ನಾಳೆ ಒಗೆದು ಹಾಕ್ಬಿಡ್ತೀನಿ." ನನ್ನ ಕಡೆ ತಿರುಗಿ, "ನೀನೂ ಹೇಳ್ಕೂಡ್ದು" ಅಂದಳು. ನಾನು ತಲೆ ಮುಟ್ಟಿಕೊಂಡು ಆಣೆ ಮಾಡಿದೆ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಅಮ್ಮ ಒಂದೊಂದೇ ಮೆತ್ತೆಯ ಜಿಪ್ಪು ಬಿಚ್ಚುತ್ತಿದ್ದಳು. ಸಾರು ಬಿದ್ದದ್ದು ಒಂದರ ಮೇಲೆ, ಆದರೆ ಒಂದನ್ನೇ ಒಗೆದರೆ ಅದರ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ, ಅದಕ್ಕೆ ಎಲ್ಲವನ್ನೂ ಒಟ್ಟಿಗೆ ಒಗೆಯುತ್ತೇನೆ ಎಂದು ನನಗೆ ಪಿಸುಮಾತಿನಲ್ಲಿ ಹೇಳಿದಳು. ಅಷ್ಟರಲ್ಲಿ ಅಜ್ಜಿ ಹಣೆಗೆ ವಿಭೂತಿ ಹಚ್ಚಿಕೊಂಡು ಹಾಲಿಗೆ ಬಂದಳು. ನೆಲದ ಮೇಲೆ ಕವರಿನ ರಾಶಿ, ಸೋಫಾದ ಮೇಲೆ ಬೆತ್ತಲೆ ಮೆತ್ತೆಗಳು. ನೋಡಿ ಅವಳ ಮುಖ ಅರಳಿತು.

"ಒಳ್ಳೇದ್ ಮಾಡ್ದೆ ಕಣಮ್ಮಿ. ನಾನೇ ಏಳ್ಬೇಕು ಅಂತಿದ್ದೆ, ನೀನಾಗೇ ತಿಳ್ಕಂಡೆ. ಎಲ್ಲಾನೂ ಮಡಿ ಮಾಡ್ಬುಡು" ಅಂದಳು.

ಅಮ್ಮನ ಕೈ ಜಿಪ್ಪಿನ ಮೇಲೆ ಹಾಗೇ ನಿಂತಿತು. ಸಾರು ಚೆಲ್ಲಿತ್ತು ಅತ್ತೆ ಎಂದರೆ ಆಗಿತ್ತು. ಹಾಗಂದಿದ್ದರೆ ಇನ್ನೊಂದು ರಾಮಾಯಣ ಶುರುವಾಗುತ್ತಿತ್ತು, ಯಾರು ಚೆಲ್ಲಿದ್ದು, ಅವರನ್ನು ಇಲ್ಲಿ ಕೂರಿಸಿ ಬಡಿಸಿದ್ದು ಯಾಕೆ, ಅಂತ. ಅಮ್ಮ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಅಜ್ಜಿ ಕಾಫಿ ಕೇಳಿದಳು, ರೊಟ್ಟಿ ಕೇಳಿದಳು, ಹುಚ್ಚೆಳ್ಳು ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡಳು. ಮನೆಯಲ್ಲಿ ಶಾಂತಿ ನೆಲೆಸಿತು.

ಆ ಬೆಳಗಿನ ಖುಷಿಯನ್ನು ನಾನು ಸುಳ್ಳು ಅನ್ನಲಾರೆ. ಅದೇ ನನ್ನನ್ನು ಹೆಚ್ಚು ಚುಚ್ಚುವುದು. ಅಮ್ಮ ರತ್ನಕ್ಕ ಹೇಳಿದ ಹಾಗೇ ಉಪ್ಪು ಹಾಕಿ ನೆನೆಸಿದಳು, ಹೇಳಿದ ಹಾಗೇ ಜಿಪ್ಪು ಹಾಕಿ ಒಳಮೈ ಹೊರಕ್ಕೆ ಮಾಡಿದಳು. ಅವರ ಮಾತಿನಲ್ಲಿ ಮೀರಿದ್ದು ಯುಗಾದಿಯೊಂದನ್ನೇ. ಹಳದಿ ಕಲೆಗೆ ಸೋಪು ತಾಗಿದ್ದೇ ತಡ, ಅದು ಆರತಿ ತಟ್ಟೆಯ ನೀರಿನ ಹಾಗೆ ಕೆಂಪಾಯಿತು. ನಾನು ಹೆದರಿ ಕೂಗಿದೆ. "ಅರಿಶಿನ ಅಲ್ವಾ, ಬಿಸಿಲಿಗೆ ಹೋಗುತ್ತೆ ಬಿಡು" ಎಂದು ಅಮ್ಮ ನನ್ನನ್ನು ಟಬ್ಬಿಗೆ ಇಳಿಸಿದಳು. ಲಂಗ ಎತ್ತಿ ಸಿಕ್ಕಿಸಿಕೊಂಡು, ನೊರೆಯಲ್ಲಿ ಮೊಣಕಾಲವರೆಗೆ ಮುಳುಗಿ, ದಪ್ಪ ಬಟ್ಟೆಯನ್ನು ದಬದಬ ತುಳಿದೆ. ಹಿಂಡುವಾಗ ಒಂದು ತುದಿ ಅಮ್ಮನ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಅವಳು ತಿರುಚಿದ ರಭಸಕ್ಕೆ ನಾನೇ ತಿರುಗಿ ಬೀಳುತ್ತಿದ್ದೆ. ಹಿತ್ತಲಿಗೆ ಬಿಸಿಲು ಬರುವುದು ತಡವೆಂದು ಎಲ್ಲವನ್ನೂ ಮನೆಯ ಮುಂದೆ, ಗೇಟಿನಿಂದ ಕಿಟಕಿಯವರೆಗೆ ಕಟ್ಟಿದ ತಂತಿಯ ಮೇಲೆ ಹರವಿದೆವು. ಹೂವುಗಳು ಒಳಗೆ, ಹೊಲಿಗೆ ಹೊರಗೆ.

ಈಗ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಕೊಳೆಯಾದ ಬಟ್ಟೆಗೆ ಕೊಳೆ ಬಟ್ಟೆ ಅನ್ನುತ್ತಿರಲಿಲ್ಲ, ಮೈಲಿಗೆ ಬಟ್ಟೆ ಅನ್ನುತ್ತಿದ್ದರು. ಒಗೆಯುವುದಕ್ಕೆ ಮಡಿ ಮಾಡುವುದು ಅನ್ನುತ್ತಿದ್ದರು. "ಪಾರು, ಮೈಲಿಗೆ ಬಟ್ಟೆ ಎಲ್ಲ ತಂದು ಹಾಕು" ಎಂದು ಅಮ್ಮ ದಿನಾ ಬೆಳಿಗ್ಗೆ ಕೂಗುತ್ತಿದ್ದಳು. ನನ್ನ ಕಾಲುಚೀಲ, ಅಪ್ಪನ ಬನಿಯನ್ನು, ಎಲ್ಲವೂ ಮೈಲಿಗೆಯೇ. ಆ ಪದಕ್ಕೆ ಇನ್ನೊಂದು ಅರ್ಥ ಇದೆ, ಅದರಿಂದ ಮನುಷ್ಯರನ್ನು ಹೊರಗೆ ನಿಲ್ಲಿಸಬಹುದು ಅನ್ನುವುದು ಅಷ್ಟು ಚಿಕ್ಕ ವಯಸ್ಸಿನ ನನಗೆ ಗೊತ್ತಿರಲಿಲ್ಲ.

ಕೊನೆಯ ಕವರಿಗೆ ಕ್ಲಿಪ್ಪು ಹಾಕುತ್ತಿದ್ದಾಗ ಗೇಟಿನ ಹತ್ತಿರ ರತ್ನಕ್ಕ ನಿಂತಿದ್ದರು. ಈ ಸಲ ಓಣಿಯಿಂದ ಬಂದಿರಲಿಲ್ಲ, ಬೀದಿ ಬಾಗಿಲಿಗೇ ಬಂದಿದ್ದರು. ಕೈಯಲ್ಲಿ ಒಂದು ಪುಟ್ಟ ದಿಂಬಿನ ಕವರು, ಅದೇ ಕೆನೆ ಬಣ್ಣ, ಅದೇ ನೀಲಿ ಹೂವು. ಮಿಕ್ಕ ಬಟ್ಟೆಯಲ್ಲಿ ಹೊಲಿದು ತಂದಿದ್ದರು. ಅವರು ತಂತಿಯ ಉದ್ದಕ್ಕೂ ಒಂದೊಂದೇ ಕವರನ್ನು ನೋಡಿದರು. ಎಲ್ಲದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಯಾಕ್ ಕೂಸೇ, ಆಗ್ಲೇ ಒಗೆದ್ಬುಟ್ರಾ? ನಿನ್ನೆ ತಾನೆ ಹಾಕಿದ್ದಲ್ವಾ?"

ಸಾರು ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಆಣೆ ನೆನಪಾಯಿತು. ಗೌತಮಿಯ ಅಳುಮುಖ ನೆನಪಾಯಿತು. ಅವಳನ್ನು ಉಳಿಸಬೇಕಲ್ಲ ಎಂದು ಥಟ್ಟನೆ ಅಂದೆ, "ಮೈಲಿಗೆ ಆಗಿತ್ತು ಆಂಟಿ. ಅದಕ್ಕೇ ಅಮ್ಮ ಎಲ್ಲಾನೂ ಮಡಿ ಮಾಡಿದ್ರು."

ರತ್ನಕ್ಕ ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ಬಕೆಟ್ಟು ಹಿಡಿದು ನಿಂತಿದ್ದ ಅಮ್ಮನನ್ನು ನೋಡಿದರು. ಅಮ್ಮ ಬಾಯಿ ತೆರೆದಳು. ಬಾಗಿಲ ಪಕ್ಕದ ಚಾಪೆಯಿಂದ ಅಜ್ಜಿ ಕೆಮ್ಮಿದಳು. ಅಷ್ಟೇ, ಬರೀ ಕೆಮ್ಮು. ಅಮ್ಮ ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. ಬಾಯಿ ಮುಚ್ಚಿಕೊಂಡಿತು.

ರತ್ನಕ್ಕ ಸ್ವಲ್ಪ ಹೊತ್ತು ಕಾದರು. ಆಮೇಲೆ ದಿಂಬಿನ ಕವರನ್ನು ಗೇಟಿನ ಮೇಲಿಂದ ನನ್ನ ಕೈಗೆ ಕೊಟ್ಟರು. "ಇದೂ ನಾನು ಮುಟ್ಟಿದ್ದೇಯ. ಅದ್ರ ಜೊತೇಲೇ ನೆನೆಸ್ಬುಡಕ್ಕೆ ಹೇಳು ನಿಮ್ಮಮ್ಮಂಗೆ" ಅಂದರು. ದನಿ ಎತ್ತಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟುಹೋದರು.

ಅವರು ತಿರುವು ದಾಟುವುದನ್ನೇ ಕಾದಿದ್ದ ಹಾಗೆ ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಸೋಪು ನೀರಿನ ಕೈ. "ಎಲ್ಲಿ ಕಲಿತೆ ಆ ಮಾತ್ನ? ಯಾರು ಹೇಳ್ಕೊಟ್ರು ನಿಂಗೆ?" ಎಂದು ಇನ್ನೊಂದು ಕೊಟ್ಟಳು. ಯಾರು ಹೇಳಿಕೊಟ್ಟದ್ದು ಎಂದು ಹೇಳುವಷ್ಟು ಬುದ್ಧಿ ನನಗಿರಲಿಲ್ಲ. ಗೌತಮಿಯನ್ನು ಉಳಿಸಿದ್ದಕ್ಕೆ ಪೆಟ್ಟು ಯಾಕೆ ಅನ್ನುವುದೇ ಅರ್ಥವಾಗದೆ ಅತ್ತೆ. ಅಜ್ಜಿ ನನ್ನನ್ನು ಮಡಿಲಿಗೆ ಎಳೆದುಕೊಂಡು, "ಮಗೀಗ್ಯಾಕ್ ಒಡೀತೀಯ, ಇರೋದ್ನೇ ಏಳ್ತು ಅದು" ಎಂದು ಬೆಲ್ಲ ಕೊಟ್ಟಳು. ಅಜ್ಜಿಯ ಆ ಬೆಲ್ಲವನ್ನು ನಾನು ತಿಂದೆ.

ಸಂಜೆ ಅಮ್ಮ ಹಿಂದಿನ ಬೀದಿಗೆ ಹೋಗಲು ಚಪ್ಪಲಿ ಮೆಟ್ಟಿದಳು. ಓಣಿಯ ಬಾಯಿಗೆ ಹೋಗಿ ತಿರುಗಿ ಬಂದಳು. ನಾಳೆ ಹೋಗಿ ಹೇಳುತ್ತೇನೆ ಅಂದಳು. ನಾಳೆ ಅಪ್ಪನ ಕಡೆಯ ನೆಂಟರು ಬಂದರು, ಆಮೇಲೆ ಅಜ್ಜಿಗೆ ಜ್ವರ ಬಂತು, ಆಮೇಲೆ ಹೇಳುವುದಕ್ಕೆ ಹೊತ್ತು ಮೀರಿತು. ಗೌತಮಿ ಕ್ಲಾಸಿನಲ್ಲಿ ಬೇರೆ ಬೆಂಚಿಗೆ ಹೋದಳು. ಸಂತೆಯಲ್ಲಿ ರತ್ನಕ್ಕ ಎದುರಾದಾಗ ಅಮ್ಮನೇ ಮುಂದಾಗಿ ನಕ್ಕಳು. "ಚೆನ್ನಾಗಿದೀರಾ ಗಿರಿಜಮ್ಮೋರೇ?" ಅಂದರು ಅವರು. ಗಿರಿಜಾ ಹೋಗಿ ಗಿರಿಜಮ್ಮೋರಾಗಿದ್ದಳು, ನೀನು ಹೋಗಿ ನೀವು ಬಂದಿತ್ತು. ಅಷ್ಟು ಮರ್ಯಾದೆ ಸಿಕ್ಕಿದ ದಿನ ಅಮ್ಮ ತರಕಾರಿ ಚೀಲ ನೆಲಕ್ಕೆ ಹಾಕಿ ಅಡುಗೆಮನೆಯಲ್ಲಿ ಅತ್ತದ್ದನ್ನು ನಾನು ನೋಡಿದ್ದೇನೆ. ಬೇಸಿಗೆಯಲ್ಲಿ ಅವರ ಯಜಮಾನರಿಗೆ ಅರಕಲಗೂಡಿಗೆ ವರ್ಗವಾಯಿತು. ಹೋಗುತ್ತೇವೆಂದು ಹೇಳಲು ನಮ್ಮ ಮನೆಗೆ ಅವರು ಬರಲಿಲ್ಲ.

ಬಿಸಿಲಿಗೆ ಆ ಕಲೆ ಪೂರ್ತಿ ಹೋಯಿತು. ಕವರುಗಳು ಬಹಳ ವರ್ಷ ಬಾಳಿದವು. ದಿಂಬಿನ ಕವರನ್ನು ಮಾತ್ರ ಅಮ್ಮ ಯಾವತ್ತೂ ನೀರಿಗೆ ಹಾಕಲಿಲ್ಲ. ಅದಕ್ಕೆ ದಿಂಬು ತುಂಬಿಸಲೂ ಇಲ್ಲ.

ಈಗ ನಾನು ಹಾಸನದಲ್ಲಿದ್ದೇನೆ. ಅಜ್ಜಿ, ಅಪ್ಪ ಇಬ್ಬರೂ ಇಲ್ಲ, ಅಮ್ಮ ನನ್ನ ಜೊತೆಗಿದ್ದಾಳೆ. ನಮ್ಮ ಸೋಫಾ ಕವರುಗಳನ್ನು ಕಿತ್ತು ವಾಷಿಂಗ್ ಮಷಿನ್ನಿಗೆ ಹಾಕಿ ಗುಂಡಿ ಒತ್ತಿದರೆ ಮುಗಿಯಿತು, ತುಳಿಯುವವರೂ ಬೇಡ, ಹಿಂಡುವವರೂ ಬೇಡ. ಆದರೆ ಅಮ್ಮನದೊಂದು ಕಟ್ಟಳೆ ಇದೆ. ಯಾರಾದರೂ ಬಂದು ಕೂತು ಎದ್ದುಹೋದ ಮೇಲೆ ವಾರವಾದರೂ ಕವರು ಒಗೆಯಕೂಡದು. ಕಾಫಿ ಚೆಲ್ಲಿರಲಿ, ಮಕ್ಕಳು ಐಸ್‌ಕ್ರೀಂ ಮೆತ್ತಿರಲಿ. "ಬಂದೋರ ಬೆನ್ನಿಗೇ ಒಗೀತಾರೇನೆ?" ಎಂದು ನನ್ನ ಕೈಯಿಂದ ಕಿತ್ತುಕೊಳ್ಳುತ್ತಾಳೆ. ನೆಂಟರು ಹೆಚ್ಚಿದ ತಿಂಗಳಲ್ಲಿ ನಮ್ಮ ಸೋಫಾ ನೋಡುವ ಹಾಗಿರುವುದಿಲ್ಲ. ನನ್ನ ಮಗಳು ಇದನ್ನು ತನ್ನ ಅಜ್ಜಿಯ ಮರುಳು ಅಂದುಕೊಂಡಿದ್ದಾಳೆ.

ಕಳೆದ ಮಳೆಗಾಲದಲ್ಲಿ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಗೌತಮಿ ಸಿಕ್ಕಳು. ನಕ್ಕಾಗ ಕೆನ್ನೆಯಲ್ಲಿ ಬೀಳುವ ಗುಳಿಯಿಂದ ಗುರುತು ಹಿಡಿದೆ. ಅರಕಲಗೂಡಿನಲ್ಲೇ ಕೆಲಸದಲ್ಲಿದ್ದಾಳೆ, ಅಮ್ಮ ಜೊತೆಗಿದ್ದಾರೆ, ಈಗಲೂ ಮಿಷನ್ ತುಳಿಯುತ್ತಾರೆ ಅಂದಳು. ಕಾಫಿ ಕುಡಿಯುತ್ತ ನಾನು ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಅವತ್ತು ಒಗೆದದ್ದು ಸಾರಿಗಾಗಿ ಕಣೇ, ನಿನಗೆ ಬೈಗುಳ ಬೀಳಬಾರದು ಅಂತ ನಾನು ಹಾಗಂದೆ, ನಿಮ್ಮಮ್ಮ ತಪ್ಪು ತಿಳಿದರು ಅಂದೆ.

ಗೌತಮಿ ಲೋಟ ಕೆಳಗಿಟ್ಟಳು.

"ಅಮ್ಮಂಗೆ ಗೊತ್ತಿತ್ತು ಪಾರು. ಸಾರು ಚೆಲ್ಲಿದ್ದು ನಾನು ಹಿಂದಿನ್ ರಾತ್ರಿನೇ ಹೇಳ್ಬುಟ್ಟಿದ್ದೆ, ಅತ್ಕೊಂಡು. ಪಾಪ ಗಿರಿಜಂಗೆ ಒಗೆಯೋ ಕೆಲ್ಸ ಹಚ್ಬುಟ್ಯಲ್ಲ, ನಾನೂ ಹೋಗಿ ಒಂದ್ ಕೈ ಹಾಕ್ತೀನಿ ಅಂತ ಬೆಳಿಗ್ಗೆ ಬಂದಿದ್ರು. ದಿಂಬಿನ್ ಕವರು ನೆಪ, ಯಾಕ್ ಒಗೆದ್ರಿ ಅಂತ ಕೇಳಿದ್ದೂ ಗೊತ್ತಿಲ್ದಂಗೆ. ನೀನು ಮಗು, ನಿನ್ ಮಾತ್ಗೆ ಅವ್ರು ಬೇಜಾರು ಮಾಡ್ಕೊಳ್ಲಿಲ್ಲ. ನಿಮ್ಮಮ್ಮ ಅದೊಂದ್ ಮಾತು ನಿಮ್ಮಜ್ಜಿ ಮುಂದೆ ಹೇಳ್ಲಿ ಅಂತ ನಿಂತಿದ್ರಂತೆ. ಸಾರು ಚೆಲ್ಲಿತ್ತು ಅಂತ, ಅಷ್ಟೇ."

ಮನೆಗೆ ಬಾ ಅಂದೆ. ಇನ್ನೊಂದು ಸಲ ಬರ್ತೀನಿ ಎಂದು ಬಸ್ಸು ಹತ್ತಿದಳು.

ಇದನ್ನು ಅಮ್ಮನಿಗೆ ಹೇಳಲೋ ಬೇಡವೋ ಎಂದು ತಿಂಗಳುಗಟ್ಟಲೆ ನುಂಗಿಕೊಂಡೆ. ಮೊನ್ನೆ ಮನೆಗೆ ಬಂದವರ ಮಗು ಸೋಫಾ ಮೇಲೆ ಸಾರು ಚೆಲ್ಲಿತು. ಮಾರನೆಯ ದಿನ ನಾನು ಕವರು ಬಿಚ್ಚಲು ಹೋದಾಗ ಅಮ್ಮ ಎಂದಿನ ಹಾಗೆ ಅಡ್ಡ ಬಂದಳು. ಆಗ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಆಶ್ಚರ್ಯಪಡಲಿಲ್ಲ.

"ಗೊತ್ತು ಕಣೇ. ಅವತ್ತು ನನ್ನ ಮುಖಾನೇ ನೋಡ್ತಾ ನಿಂತಿದ್ರಲ್ಲ, ಆಗ್ಲೇ ಗೊತ್ತಾಯ್ತು."

"ಮತ್ತೆ ನಂಗ್ಯಾಕಮ್ಮ ಹೊಡೆದೆ?"

"ನನ್ ಕೈಗೆ ಸಿಕ್ಕಿದ್ದು ನೀನೊಬ್ಳೇ ಅಲ್ವಾ" ಅಂದಳು ಅಮ್ಮ. ಕೈ ಚಾಚಿ ನನ್ನ ಕೆನ್ನೆಯನ್ನು ಮುಟ್ಟಿದಳು.

ಅರಕಲಗೂಡು ಎಷ್ಟು ದೂರ, ಈ ಭಾನುವಾರ ಹೋಗಿಬರೋಣವಾ ಎಂದು ಕೇಳಿದೆ. ಮುಂದಿನ ವಾರ ನೋಡೋಣ ಅಂದಳು. ಆ ಮುಂದಿನ ವಾರ ಇನ್ನೂ ಬಂದಿಲ್ಲ. ನಾನೂ ಒತ್ತಾಯ ಮಾಡಿಲ್ಲ. ರತ್ನಕ್ಕನ ಎದುರು ಹೋಗಿ ನಿಂತರೆ ಏನು ಹೇಳಬೇಕೆಂದು ನಮ್ಮಿಬ್ಬರಿಗೂ ಗೊತ್ತು, ಆದರೆ ಹೇಳುವ ಧೈರ್ಯ ನನಗೂ ಅಮ್ಮನಿಂದಲೇ ಬಂದದ್ದು, ಒಂದು ದಿನಕ್ಕಾಗುವಷ್ಟೇ.

ಈಗ ಮತ್ತೆ ಅವರೆ ಕಾಲ. ಹಿದಕಿದ ಬೇಳೆ ಪ್ಲಾಸ್ಟಿಕ್ ಕವರಿನಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ತರುತ್ತೇನೆ ಅಂದರೆ ಅಮ್ಮ ಬೇಡವೆನ್ನುತ್ತಾಳೆ. ಕಾಳು ನೆನೆಸಿಕೊಂಡು, ಬಾಲ್ಕನಿಯಲ್ಲಿ ಒಬ್ಬಳೇ ಕೂತು ಹಿದುಕುತ್ತಾಳೆ. ಬೆರಳಿಗೆ ಮೊದಲಿನ ಹಿಡಿತವಿಲ್ಲ, ಬೇಳೆ ಚಿಮ್ಮುತ್ತದೆ. ಎದುರಿಗೆ ಯಾರೂ ಇಲ್ಲದ್ದಕ್ಕೆ ಅದು ಹೋಗಿ ಗೋಡೆಗೆ ಬಡಿಯುತ್ತದೆ.